ಸಂಗಾತಿಯ ಜೊತೆ ಹಿಡಿತದ ಆಟ: ಶುರು ಮಾಡುವ ಮುಂಚೆ

ಗೆಳತಿ, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಆಪ್ತವಾಗಿರುವಾಗ ಹೇಳುವವರು ನೀವು, ಹೇಳಿದಂತೆ ಕೇಳುವವಳು ನಿಮ್ಮ ಸಂಗಾತಿ. ಇದು ಇಬ್ಬರಿಗೂ ಇಷ್ಟ. ಆದರೆ ಇಬ್ಬರು ಹೆಂಗಸರು ಸೇರಿ ಗಂಡಸರ ದಬ್ಬಾಳಿಕೆಯನ್ನೇ ನಕಲು ಮಾಡಿದ ಹಾಗಾಗುತ್ತಾ ಅಂತ ನಿಮಗೆ ಹಿಂಜರಿಕೆ. ಜೊತೆಗೆ, ಶುರು ಎಲ್ಲಿಂದ ಅನ್ನುವ ಪ್ರಶ್ನೆ.

ನಕಲಿನ ಪ್ರಶ್ನೆ ಹಳೆಯದು. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲವು ಲೆಸ್ಬಿಯನ್ ಸ್ತ್ರೀವಾದಿಗಳು ಇಂಥ ಆಸೆ ಇರುವವರಿಗಾಗಿಯೇ ಸಮ್ವಾ ಅನ್ನುವ ಗುಂಪು ಕಟ್ಟಿದರು. ಬೇರೆ ಸ್ತ್ರೀವಾದಿಗಳು ಅವರ ಮೇಲೆ ಹೊರಿಸಿದ್ದೂ ಇದೇ ಆರೋಪವನ್ನು. ಇಬ್ಬರೂ ತಿಳಿದು ಒಪ್ಪಿದ್ದು ಹಿಂಸೆಯಲ್ಲ ಅನ್ನುವುದು ಸಮ್ವಾದವರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ. ಹೊಡೆಯುವ ಗಂಡ ಹೆಂಡತಿಯನ್ನು ಕೂರಿಸಿಕೊಂಡು, 'ನಿನಗೇನು ಬೇಕು, ಏನು ಬೇಡ, ಎಲ್ಲಿ ನಿಲ್ಲಿಸಲಿ' ಅಂತ ಕೇಳಿದ್ದು ಎಲ್ಲಾದರೂ ಉಂಟಾ?

ನನ್ನನ್ನು ಯೋಚನೆಗೆ ಹಚ್ಚಿದ್ದು ನೀವು ಮಧ್ಯದಲ್ಲಿ ಸುಮ್ನೆ ಹೇಳಿಹೋದ ಇನ್ನೊಂದು ಮಾತು. ಬಾಡಿಗೆ ಕಟ್ಟುವುದು ನೀವು. ಅವಳು ಮನೆಯವರ ಜೊತೆ ಜಗಳವಾಗಿ ನಿಮ್ಮ ಹತ್ತಿರ ಬಂದವಳು, ಇನ್ನೂ ಕೆಲಸ ಹುಡುಕುತ್ತಿದ್ದಾಳೆ. ಅಂದರೆ ಆಟ ಶುರುವಾಗುವ ಮುಂಚೆಯೇ ನಿಮ್ಮ ಕೈ ಮೇಲಿದೆ. ಅವಳು 'ಆಗಲಿ' ಅಂದದ್ದು ಆಸೆಯಿಂದಲೋ, ಇಲ್ಲಿಂದಲೂ ಹೋಗಬೇಕಾದೀತು ಅನ್ನುವ ಭಯದಿಂದಲೋ? ಅವಳಿಗೇ ಗೊತ್ತಿಲ್ಲದೆ ಇರಬಹುದು. ನಮ್ಮ ಕ್ವಿಯರ್ ಜನರಲ್ಲಿ ಇದು ಜಾಸ್ತಿ, ಯಾಕೆಂದರೆ ತವರಿಗೆ ವಾಪಸ್ ಹೋಗುವ ದಾರಿ ಎಷ್ಟೋ ಜನರಿಗೆ ಇರುವುದಿಲ್ಲ.

ಹಾಗಾಗಿ ಮಾತು ಮಲಗುವ ಕೋಣೆಯಲ್ಲಿ ಬೇಡ. ಹೊರಗೆ ಎಲ್ಲಾದರೂ ಕೂತು ಕಾಫಿ ಕುಡಿಯುತ್ತಾ ಮಾತಾಡಿ. 'ನೀನು ಬೇಡ ಅಂದರೂ ಈ ಮನೆ ನಿನ್ನದೇ' ಅಂತ ಬಾಯಿಬಿಟ್ಟು ಹೇಳಿ. ಬೇಕು, ಬೇಡ, ನೋಡೋಣ ಅಂತ ಮೂರು ಪಟ್ಟಿ ಇಬ್ಬರೂ ಬೇರೆ ಬೇರೆ ಬರೆಯಿರಿ. ಮೊದಲು ಅವಳದ್ದನ್ನು ಓದಿ, ಆಮೇಲೆ ನಿಮ್ಮದನ್ನು ತೋರಿಸಿ. ಅವಳ 'ಬೇಡ' ಪಟ್ಟಿ ಖಾಲಿಯಿದ್ದರೆ ಖುಷಿಪಡಬೇಡಿ, ಕೆಲವು ವಾರ ಕಾಯಿರಿ. ಇವತ್ತು ಯಾವ ಸಿನಿಮಾ, ಏನು ಅಡುಗೆ ಅನ್ನುವುದರಲ್ಲಾದರೂ ಅವಳು ನಿಮಗೆ ಇಲ್ಲ ಅನ್ನುತ್ತಾಳಾ ಗಮನಿಸಿ.

ಬೈಗುಳ ಇಷ್ಟ ಅಂತ ಇಬ್ಬರೂ ಅಂದರೂ, ಯಾವ ಪದ ಅಂತ ಮೊದಲೇ ಕೇಳಿಕೊಳ್ಳಿ. ಜಾತಿ, ಬಣ್ಣ, ಮೈಕಟ್ಟಿನ ಮಾತು ಅವಳು ನಿಜವಾಗಿಯೂ ಕೇಳಿ ನೊಂದವಳಾಗಿರಬಹುದು. ನನ್ನನ್ನು ಕೇಳಿದರೆ ಜಾತಿಯನ್ನು ಆಟಕ್ಕೆ ತರಲೇಬೇಡಿ.

ಮೊದಲ ಸಲಕ್ಕೆ ಹಗ್ಗ, ಬೆಲ್ಟು ಏನೂ ಬೇಡ. ಅರ್ಧ ಗಂಟೆ ಅವಳು ನಿಮ್ಮನ್ನು 'ನೀವು' ಅನ್ನಲಿ, ನೀವು 'ನೀನು' ಅನ್ನಿ. ತಲೆ ಬಾಚು, ಇಲ್ಲಿ ಕೂತುಕೋ, ನಾನು ಹೇಳುವವರೆಗೆ ಮಾತಾಡಬೇಡ. ಇಷ್ಟರಲ್ಲೇ ಎಷ್ಟು ಬಿಸಿ ಏರುತ್ತದೆ ನೋಡಿ! ಆಟದ ಮಧ್ಯೆ 'ಅಯ್ಯೋ, ಬೇಡ' ಅನ್ನುವುದು ಆಟದ್ದೇ ಭಾಗ ಆಗಬಹುದು, ಅದಕ್ಕೇ ಸೇಫ್‌ವರ್ಡ್, ಅಂದರೆ ಹೇಳಿದ ಕೂಡಲೇ ಆಟ ನಿಲ್ಲಿಸುವ ಪದ, ಬೇರೆಯೇ ಇರಲಿ. ನಾವು 'ಹುಣಸೆಹಣ್ಣು' ಅಂತ ಇಟ್ಟುಕೊಂಡಿದ್ದೇವೆ. ಬಾಯಿ ಮುಚ್ಚಿದ್ದರೆ ಕೈಯಲ್ಲಿ ಒಂದು ಬೀಗದ ಕೈ ಗೊಂಚಲು ಕೊಡಿ, ಅದು ಬಿದ್ದರೆ ಎಲ್ಲ ನಿಲ್ಲಬೇಕು. ಯಾಕೆ ಅಂತ ಆಗಲೇ ವಿಚಾರಣೆ ಬೇಡ. ಆ ಪದ ನೀವೂ ಬಳಸಬಹುದು, ಹೇಳುವವರಿಗೂ ಸಾಕಾಗುತ್ತದೆ. ಕುಡಿದಿದ್ದರೆ ಆ ದಿನ ಆಟವೇ ಬೇಡ.

ಮುಂದೆ ಕಟ್ಟುವ ಆಸೆ ಬಂದರೆ ಕುತ್ತಿಗೆಗೆ ಹಗ್ಗವೂ ಬೇಡ, ಕೈಯೂ ಬೇಡ. ಇದರಲ್ಲಿ ರಿಯಾಯಿತಿ ಇಲ್ಲ. ಹಗ್ಗದ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ಮಣಿಕಟ್ಟು ಎತ್ತಲು ಆಗದಿದ್ದರೆ ಗಂಟು ಬಿಚ್ಚುತ್ತಾ ಕೂರಬೇಡಿ, ಕತ್ತರಿಸಿ. ನರಕ್ಕೆ ಏಟು ಬಿದ್ದರೆ ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು. ತುದಿ ಮೊಂಡಾದ ಕತ್ತರಿ ಕೈಗೆಟುಕುವಲ್ಲಿರಲಿ. ಕಟ್ಟಿ ಹಾಕಿ ಪಕ್ಕದ ಕೋಣೆಗೂ ಹೋಗಬೇಡಿ.

ಕಾನೂನು ಅಂತಲೂ ಕೇಳಿದ್ದೀರಿ. ವಯಸ್ಕರು ಒಪ್ಪಿ ಖಾಸಗಿಯಾಗಿ ಸೇರುವುದು ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಪ್ರಕಾರ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿತು. ಆದರೆ ಮೂಳೆ ಮುರಿಯುವಂಥ ತೀವ್ರ ಗಾಯಕ್ಕೆ 'ಅವಳೇ ಒಪ್ಪಿದ್ದಳು' ಅನ್ನುವುದು ರಕ್ಷಣೆಯಾಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ ಒಪ್ಪಿಗೆಗೆ ಅಲ್ಲಿ ಗೆರೆ ಎಳೆದಿದೆ. ಫೋಟೋ, ವಿಡಿಯೋ ಬೇಡವೇ ಬೇಡ. ಮನೆಯಲ್ಲಿ ಹೇಳಿಕೊಳ್ಳದವರ ಒಂದು ಚಿತ್ರ ಸಾಕು, ಯಾರೋ ಹೆದರಿಸಿ ದುಡ್ಡು ಕೀಳಲು.

ಆಟ ಮುಗಿದ ಮೇಲೆ ನೀರು, ಹೊದಿಕೆ, ತಿನ್ನಲು ಏನಾದರೂ ಕೊಡಿ. ಅವಳಿಗೆ ಅಪ್ಪುಗೆ ಬೇಕಾ, ಸುಮ್ಮನೆ ಬಿಡಬೇಕಾ ಕೇಳಿ. ಒಂದೆರಡು ದಿನ ಬಿಟ್ಟು ಮನಸ್ಸು ಕುಗ್ಗುವುದುಂಟು, ನಿಮಗೂ ಆಗಬಹುದು. ಆಗ ಆ ಮೂರು ಪಟ್ಟಿ ಮತ್ತೆ ತೆಗೆದು, ಯಾವುದು ಎಲ್ಲಿಗೆ ಸರಿಯಬೇಕು ನೋಡಿ. ಹಗ್ಗ ಕೊಳ್ಳುವ ಹಂತಕ್ಕೆ ಬಂದಾಗ ಇಲ್ಲೇ ಕೇಳಿ, ಎಂಥದ್ದು, ಎಷ್ಟು ದಪ್ಪ ಅಂತ ಹೇಳುತ್ತೇನೆ.