ಏರ್ ರೈಫಲ್‌ಗೆ 4×32 ಫಿಕ್ಸೆಡ್ ಸ್ಕೋಪ್ ಸಾಕಾ, 3-9×40 ಬೇಕಾ?

ನೀವು ಕೇಳಿದ್ದು ಇಷ್ಟು: ಕೈಯಲ್ಲಿರುವುದು .177 (4.5 ಮಿಮೀ) ಬ್ರೇಕ್ ಬ್ಯಾರೆಲ್, ಅಂದರೆ ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಸುವ ಏರ್ ರೈಫಲ್, ಹೊಡೆಯುವುದು 10ರಿಂದ 25 ಮೀಟರ್ ದೂರದ ಕಾಗದದ ಗುರಿಗೆ. ಅಂಗಡಿಯವರು ಫಿಕ್ಸೆಡ್ ಸ್ಕೋಪ್ ಹಳೇ ಕಾಲದ್ದು ಅನ್ನುತ್ತಿದ್ದಾರೆ. 4×32 ಅಂದರೆ ಯಾವಾಗಲೂ ನಾಲ್ಕೇ ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಲೆನ್ಸ್ 32 ಮಿಮೀ ಇರುವ ಸ್ಕೋಪ್; 3-9×40 ಅಂದರೆ ಮೂರರಿಂದ ಒಂಬತ್ತು ಪಟ್ಟಿನವರೆಗೆ ಝೂಮ್ ಆಗುವ, 40 ಮಿಮೀ ಲೆನ್ಸಿನದು. ನಿಮ್ಮ ಬಳಕೆಗೆ 4×32 ಫಿಕ್ಸೆಡ್ಡೇ ಸರಿ ಎನ್ನುತ್ತೇನೆ. ಆದರೆ ಒಂದು ಷರತ್ತಿದೆ, ಅದು ಪ್ಯಾರಲಾಕ್ಸ್‌ದು, ಅಂದರೆ ಕಣ್ಣು ಆಚೀಚೆ ಸರಿದಾಗ ಗುರಿಯ ಮೇಲೆ ಸ್ಕೋಪಿನ ಗೆರೆ ಸರಿದಂತೆ ಕಾಣುವ ದೋಷದ್ದು; ಅದಕ್ಕೆ ಆಮೇಲೆ ಬರುತ್ತೇನೆ.

ನಾಲ್ಕು ಪಟ್ಟು ಕಡಿಮೆಯಾಯಿತು ಎಂಬ ಅಳುಕು ಬೇಡ. ರಷ್ಯಾದ ಸೇನಾ ಸ್ನೈಪರ್ ಬಂದೂಕಾದ ಡ್ರಾಗುನೋವ್ ರೈಫಲ್‌ನ ಪಿಎಸ್ಒ-1 ಕೂಡ 4×24 ಫಿಕ್ಸೆಡ್ ಸ್ಕೋಪೇ, ಅದರಲ್ಲಿ ನೂರಾರು ಮೀಟರ್ ದೂರಕ್ಕೆ ಗುರಿ ಹಿಡಿಯುತ್ತಾರೆ. 25 ಮೀಟರ್ ದೂರದ ಕಾಗದ 4×ನಲ್ಲಿ ಬರಿಗಣ್ಣಿಗೆ ಆರು ಮೀಟರ್ ಚಿಲ್ಲರೆಯಲ್ಲಿ ಇಟ್ಟಷ್ಟು ದೊಡ್ಡದಾಗಿ ಕಾಣುತ್ತದೆ.

ಫಿಕ್ಸೆಡ್‌ನ ನಿಜವಾದ ಬಲ ಏನು ಅಂದರೆ ಬಹಳ ಜನ ಬೆಳಕು ಅನ್ನುತ್ತಾರೆ. ಲೆನ್ಸ್ ಕಡಿಮೆ, ಆದ್ದರಿಂದ ಚಿತ್ರ ಬೆಳ್ಳಗೆ ಎಂಬ ಮಾತು. ಲೇಪನವಿಲ್ಲದ ಗಾಜಿನ ಪ್ರತಿ ಮುಖದಲ್ಲೂ ಸುಮಾರು 4 ಶೇಕಡಾ ಬೆಳಕು ವಾಪಸ್ ಹೋಗುವುದು ನಿಜ, ಆದರೆ ಈಗಿನ ಒಳ್ಳೆ ಲೇಪನ ಇರುವ ಸ್ಕೋಪಿನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ. ನನ್ನ ಲೆಕ್ಕದಲ್ಲಿ ದೊಡ್ಡ ಗುಣ ಬೇರೆ: ರೆಟಿಕಲ್‌ನ (ಗುರಿ ಹಿಡಿಯಲು ಸ್ಕೋಪಿನೊಳಗೆ ಕಾಣುವ ಗೆರೆಗಳ) ಅಳತೆ ಎಂದೂ ಬದಲಾಗುವುದಿಲ್ಲ. ಮಿಲ್-ಡಾಟ್, ಅಂದರೆ ಆ ಗೆರೆಗಳ ಮೇಲೆ ಸಮ ಅಂತರದ ಚುಕ್ಕೆಗಳು ಇದ್ದರೆ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ 10 ಮೀಟರಿನಲ್ಲಿ 10 ಮಿಲಿಮೀಟರ್, 25 ಮೀಟರಿನಲ್ಲಿ 25 ಮಿಲಿಮೀಟರ್. ಯಾವತ್ತೂ ಅಷ್ಟೇ. ಅಗ್ಗದ 3-9ರಲ್ಲಿ ರೆಟಿಕಲ್ ಹಿಂಭಾಗದ ಫೋಕಲ್ ಪ್ಲೇನ್‌ನಲ್ಲಿ, ಅಂದರೆ ಝೂಮ್ ಲೆನ್ಸ್‌ಗಳ ಹಿಂದೆ ಕೂತಿರುತ್ತದೆ; ಝೂಮ್ ಮಾಡಿದರೆ ಗುರಿ ಹಿಗ್ಗುತ್ತದೆ, ರೆಟಿಕಲ್ ಹಿಗ್ಗುವುದಿಲ್ಲ. ಆ ಚುಕ್ಕೆಗಳ ಅಳತೆ ಸಾಮಾನ್ಯವಾಗಿ 9×ನಲ್ಲಿ ಮಾತ್ರ ಸರಿ. 4.5×ಗೆ ತಿರುಗಿಸಿದರೆ ಅದೇ ಅಂತರ 25 ಮೀಟರಿನಲ್ಲಿ 50 ಮಿಲಿಮೀಟರ್ ಆಗುತ್ತದೆ, 3×ನಲ್ಲಿ 75. ಝೂಮ್ ಎಲ್ಲಿದೆ ಎಂದು ನೋಡದೆ ಎರಡನೇ ಚುಕ್ಕೆ ಹಿಡಿದು ಹೊಡೆದರೆ ಪೆಲೆಟ್ ಎಲ್ಲೋ ಹೋಗುತ್ತದೆ, ನೀವು ಬಂದೂಕನ್ನು ಬೈಯುತ್ತೀರಿ. ಜೊತೆಗೆ ಅಗ್ಗದ ಝೂಮ್‌ನಲ್ಲಿ ಪಟ್ಟು ಬದಲಿಸಿದಾಗ ಜೀರೋ (ಹಿಡಿದಲ್ಲೇ ಪೆಲೆಟ್ ಬೀಳುವಂತೆ ಮಾಡಿದ ಹೊಂದಾಣಿಕೆ) ಕೂಡ ಸ್ವಲ್ಪ ಸರಿಯುವುದುಂಟು, ಯಾಕೆಂದರೆ ಒಳಗಿನ ಲೆನ್ಸ್‌ಗಳು ಜಾಡಿನಲ್ಲಿ ಹಿಂದೆ ಮುಂದೆ ಜಾರುತ್ತವೆ.

ಜಾರುವ ಭಾಗ ಇಲ್ಲದಿರುವುದು ಸ್ಪ್ರಿಂಗ್ ಬಂದೂಕಿಗೆ ಇನ್ನೊಂದು ಕಾರಣಕ್ಕೂ ಒಳ್ಳೆಯದು. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕೆ ಹಾರುತ್ತದೆ, ಬಂದೂಕು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಕೊನೆಯಲ್ಲಿ ಗಾಳಿಗೆ ಬಡಿದು ನಿಲ್ಲುವಾಗ ಬಂದೂಕು ಮುಂದಕ್ಕೆ ಎಳೆಯುತ್ತದೆ. ಮದ್ದಿನ ಬಂದೂಕಿಗೆ ಮಾಡಿದ ಸ್ಕೋಪ್ ಹಿಂದಿನ ಒದೆತಕ್ಕೆ ಗಟ್ಟಿ, ಈ ಮುಂದಿನ ಎಳೆತಕ್ಕಲ್ಲ. ಲೆನ್ಸ್ ಸಡಿಲಾಗುವುದು, ರೆಟಿಕಲ್ ಓರೆಯಾಗುವುದು ಇದರಿಂದಲೇ. ಆದ್ದರಿಂದ ಫಿಕ್ಸೆಡ್ ಆದರೂ ಡಬ್ಬದ ಮೇಲೆ ಸ್ಪ್ರಿಂಗ್ ಏರ್‌ಗನ್‌ಗೆ ಯೋಗ್ಯ ಎಂದು ಬರೆದಿರಬೇಕು.

ಈಗ ಷರತ್ತಿನ ವಿಷಯ. ಫಿಕ್ಸೆಡ್ ಪಟ್ಟು ಬೇರೆ, ಫಿಕ್ಸೆಡ್ ಫೋಕಸ್ ಬೇರೆ. ಅಂಗಡಿಯಲ್ಲಿ ಇವೆರಡನ್ನೂ ಕಲಸಿ ಹೇಳುತ್ತಾರೆ. ಅಗ್ಗದ 4×32ರಲ್ಲಿ ಹಲವನ್ನು 100 ಗಜದ ಆಸುಪಾಸಿನಲ್ಲಿ ಪ್ಯಾರಲಾಕ್ಸ್ ಇಲ್ಲದಂತೆ ಕೂರಿಸಿ ಕಳಿಸಿರುತ್ತಾರೆ. 10 ಮೀಟರಿನಲ್ಲಿ ಗುರಿ ಮಸುಕು ಕಾಣುವುದು ಅದಕ್ಕೇ. ಮಸುಕಾದರೆ ಸಹಿಸಬಹುದು, ಗುರಿ ತಪ್ಪುವುದೇ ಕಷ್ಟ. ಗರಿಷ್ಠ ತಪ್ಪಿನ ಲೆಕ್ಕ ಸುಲಭ: ಮುಂದಿನ ಲೆನ್ಸಿನ ಅರ್ಧ ವ್ಯಾಸವನ್ನು, ಕೂರಿಸಿದ ದೂರಕ್ಕೂ ಗುರಿಯ ದೂರಕ್ಕೂ ಇರುವ ಅಂತರದಿಂದ ಗುಣಿಸಿ, ಕೂರಿಸಿದ ದೂರದಿಂದ ಭಾಗಿಸಿ. 32 ಮಿಮೀ ಲೆನ್ಸ್, 100 ಮೀಟರ್ ಸೆಟ್ಟಿಂಗ್, 10 ಮೀಟರ್ ಗುರಿ ಅಂದರೆ 16 × 90 ÷ 100 = 14.4 ಮಿಮೀ. 10 ಮೀಟರ್ ಏರ್ ರೈಫಲ್ ಕಾಗದದಲ್ಲಿ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅಂದರೆ ಕಣ್ಣು ಅಂಚಿಗೆ ಸರಿದರೆ ಸಾಕು, ಹತ್ತಕ್ಕೆ ಹಿಡಿದದ್ದು ಐದಕ್ಕೆ ಬೀಳುತ್ತದೆ. 4×32ರಿಂದ ಕಣ್ಣಿಗೆ ಬರುವ ಬೆಳಕಿನ ವೃತ್ತ 32 ÷ 4 = 8 ಮಿಮೀ. ಅಷ್ಟು ಅಗಲ ಇರುವುದರಿಂದ ಕೆನ್ನೆ ಸ್ವಲ್ಪ ಆಚೀಚೆ ಆದರೂ ಚಿತ್ರ ಪೂರ್ತಿ ಕಾಣುತ್ತದೆ, ತಲೆ ಸರಿದದ್ದು ಗೊತ್ತೇ ಆಗುವುದಿಲ್ಲ. ಅದರ ಹಿತವೇ ಇಲ್ಲಿ ಮೋಸ ಮಾಡುತ್ತದೆ.

ಹೀಗಾಗಿ ಮುಂದಿನ ಲೆನ್ಸ್ ಬಳಿ ತಿರುಗುವ ಎಒ (ಪ್ಯಾರಲಾಕ್ಸ್ ದೂರ ಹೊಂದಿಸುವ) ಉಂಗುರ ಇರುವುದನ್ನು ಕೊಳ್ಳಿ, ಅದು 10 ಗಜದವರೆಗೆ ಇಳಿಯಬೇಕು. ಈಗಾಗಲೇ ಉಂಗುರವಿಲ್ಲದ್ದು ಇದ್ದರೆ ಒಂದು ಖರ್ಚಿಲ್ಲದ ಉಪಾಯವಿದೆ. ಮುಂದಿನ ಪ್ಲಾಸ್ಟಿಕ್ ಮುಚ್ಚಳದ ನಡುಮಧ್ಯ 12 ಮಿಮೀ ತೂತು ಕೊರೆದು ಹಾಕಿ. ತಪ್ಪು 14.4ರಿಂದ 5.4ಕ್ಕೆ ಇಳಿಯುತ್ತದೆ, ಮಸುಕೂ ಕಡಿಮೆಯಾಗುತ್ತದೆ. ಹಗಲಲ್ಲಿ ಬೆಳಕು ಸಾಲುತ್ತದೆ, ಸಂಜೆಗೆ ಸಾಲದು. ಮುಂದಿನ ಲೆನ್ಸನ್ನು ಬಿಚ್ಚಿ ತಿರುಗಿಸಿ ಸರಿಮಾಡುವ ವಿಡಿಯೊಗಳನ್ನು ನಂಬಿ ಕೈ ಹಾಕಬೇಡಿ. ಒಳಗೆ ತುಂಬಿದ ನೈಟ್ರೋಜನ್ ಹೋಗುತ್ತದೆ. ಮಲೆನಾಡಿನ ಅಥವಾ ಕರಾವಳಿಯ ಮಳೆಗಾಲದಲ್ಲಿ ಲೆನ್ಸಿನ ಒಳಮೈಗೆ ಹಬೆ ಹಿಡಿದರೆ ಒರೆಸಲು ದಾರಿಯಿಲ್ಲ.

ಉಳಿದ ದೌರ್ಬಲ್ಯ ಒಂದೇ, ಆದರೆ ಅದು ಸಣ್ಣದಲ್ಲ: ಎಷ್ಟು ಪಟ್ಟಿನ ಸ್ಕೋಪ್ ಕೊಂಡಿರೋ ಅದಕ್ಕೇ ನೀವು ಅಂಟಿಕೊಳ್ಳಬೇಕು. 4×ನಲ್ಲಿ 25 ಮೀಟರಿನ ಪೆಲೆಟ್ ತೂತು ಕಪ್ಪು ಭಾಗದಲ್ಲಿ ಬಿದ್ದರೆ ಕಾಣುವುದು ಕಷ್ಟ. ಹಾಗೆಂದು ಫಿಕ್ಸೆಡ್ 10× ಕೊಂಡರೆ ಕೈ ನಡುಕ, ಉಸಿರು, ನಾಡಿ ಎಲ್ಲ ಕಾಣುತ್ತದೆ, ನೋಟದ ಅಗಲ ಕಿರಿದಾಗಿ ಗುರಿ ಹುಡುಕುವುದೇ ಕೆಲಸವಾಗುತ್ತದೆ. ಮರಳುಚೀಲದ ಮೇಲಿಟ್ಟು 50 ಮೀಟರಿಗೂ ಹೊಡೆಯುವ ಯೋಚನೆ ಇದ್ದರೆ ಮಾತ್ರ ಎಒ ಇರುವ ಒಳ್ಳೆಯ 3-9 ನೋಡಿ.

ಕೂರಿಸುವಾಗ 11 ಮಿಮೀ ಡವ್‌ಟೇಲ್‌ಗೆ (ಬಂದೂಕಿನ ಮೇಲಿನ ಜಾಡಿಗೆ) ಒಂದೇ ತುಂಡಿನ ಮೌಂಟ್, ತಡೆ ಪಿನ್ ಇರುವಂಥದ್ದು ತಗೊಳ್ಳಿ. ಬಿಡಿ ಉಂಗುರಗಳಾದರೆ ಆ ಮುಂದಿನ ಎಳೆತಕ್ಕೆ ಮೌಂಟೇ ಹಿಂದಕ್ಕೆ ಜಾರುತ್ತಾ ಹೋಗುತ್ತದೆ. ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕಿಟ್ಟು ಕೆನ್ನೆ ಊರಿ, ಆಮೇಲೆ ಕಣ್ಣು ತೆರೆಯಿರಿ. ಅಂಚಿನಲ್ಲಿ ಕಪ್ಪು ನೆರಳು ಕಂಡರೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ. 10 ಮೀಟರಿನಲ್ಲಿ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು, ಬಂದೂಕನ್ನು ಮಟ್ಟವಾಗಿ ಹಿಡಿದು, ರೆಟಿಕಲ್‌ನ ನಿಂತ ಗೆರೆಯನ್ನು ಆ ದಾರಕ್ಕೆ ಹೊಂದಿಸಿ. ಉಂಗುರದ ಸ್ಕ್ರೂಗಳನ್ನು ಕರ್ಣಕ್ಕೆ ಒಂದೊಂದಾಗಿ, ಎರಡೂ ಬದಿಯ ಸಂದು ಸಮವಾಗಿರುವಂತೆ, 2 ನ್ಯೂಟನ್ ಮೀಟರ್ ಮೀರದಂತೆ ಬಿಗಿ ಮಾಡಿ. ಅದಕ್ಕಿಂತ ಹೆಚ್ಚಾದರೆ ಕೊಳವೆ ನೆಗ್ಗುತ್ತದೆ.

ಜೀರೋ ಮಾಡುವಾಗ ಕಾಲು ಎಂಒಎ (ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ 10 ಮೀಟರಿನಲ್ಲಿ 0.73 ಮಿಮೀ ಮಾತ್ರ. ಪೆಲೆಟ್ 30 ಮಿಮೀ ಕೆಳಗೆ ಬಿದ್ದರೆ 41 ಕ್ಲಿಕ್ ಬೇಕು, ನಾಲ್ಕೈದು ತಿರುಗಿಸಿ ಏನೂ ಆಗಲಿಲ್ಲ ಅನ್ನಬೇಡಿ. ಮೇಲಿನ ಟರೆಟ್ (ಕ್ಲಿಕ್ ತಿರುಗಿಸುವ ಗುಬ್ಬಿ) ಕೊನೆಯ ಹತ್ತಿರಕ್ಕೆ ಬಂದರೆ ಅಲ್ಲಿಗೇ ನಿಲ್ಲಿಸಿ, ಯಾಕೆಂದರೆ ಅಲ್ಲಿ ಒಳಗಿನ ಸ್ಪ್ರಿಂಗ್ ಸಡಿಲಾಗಿ ಪ್ರತಿ ಏಟಿಗೂ ಜೀರೋ ಅಲೆಯುತ್ತದೆ. ಬ್ರೇಕ್ ಬ್ಯಾರೆಲ್‌ನಲ್ಲಿ ನಳಿಗೆ ತುಸು ಕೆಳಕ್ಕೆ ಬಾಗಿ ಕೂರುವುದರಿಂದ ಇದು ಸಾಮಾನ್ಯ. ಹಿಂದಿನ ಉಂಗುರದ ಕೆಳಗೆ 0.1 ಮಿಮೀ ದಪ್ಪದ ಪ್ಲಾಸ್ಟಿಕ್ ಪಟ್ಟಿ ಇಟ್ಟರೆ, ಉಂಗುರಗಳ ನಡುವೆ 100 ಮಿಮೀ ಇದ್ದಲ್ಲಿ, ಪೆಲೆಟ್ 10 ಮೀಟರಿನಲ್ಲಿ 10 ಮಿಮೀ ಮೇಲೆ ಬರುತ್ತದೆ. 14 ಕ್ಲಿಕ್ ಉಳಿದವು.