ಒಂದು ಸಹಿ ತಾನೇ?

ಇನ್ನೊಬ್ಬರ ಸಾಲಕ್ಕೆ ಜಾಮೀನು ಹಾಕಿ ಸಿಕ್ಕಿಬಿದ್ದ ಕಥೆ ಹೊತ್ತುಕೊಂಡು, ಸಲಹೆಗೆ ಅಂತ ನನ್ನ ಮುಂದೆ ಬಂದು ಕೂತವರಲ್ಲಿ ಇವರು ನಾಲ್ಕನೆಯವರು. ಹಿಂದಿನ ಮೂವರೂ ಚರ್ಚಿನವರೇ, ಮೂವರೂ ಒಳ್ಳೆಯವರೇ. ಅದಕ್ಕೇ ಬರೆಯಬೇಕು ಅನ್ನಿಸಿತು. ಊರು, ಕೆಲಸ, ಅಂಕಿ ಬದಲಿಸಿದ್ದೇನೆ. ಇವರನ್ನು ಮಾಸ್ತರು ಅಂತ ಕರೆಯೋಣ.

ಉತ್ತರ ಕರ್ನಾಟಕದ ಒಂದು ಪಟ್ಟಣ. ಸರ್ಕಾರಿ ಶಾಲೆಯ ಕೆಲಸ, ಹೆಂಡತಿ, ಪಿಯುಸಿ ಮುಗಿಸಿದ ಮಗಳು. ಪ್ರಾರ್ಥನೆ ಕೂಟದಲ್ಲಿ ಪಕ್ಕ ಕೂರುತ್ತಿದ್ದ ಒಬ್ಬ ಸಹೋದರರು ವೆಲ್ಡಿಂಗ್ ಅಂಗಡಿ ಹಾಕಲು ಬ್ಯಾಂಕಿನಲ್ಲಿ 4 ಲಕ್ಷ ಸಾಲ ಕೇಳಿದ್ದರು. ಜಾಮೀನಿಗೆ ಸಂಬಳದವರೊಬ್ಬರು ಬೇಕಿತ್ತು. "ಒಂದು ಸಹಿ ತಾನೇ ಬ್ರದರ್" ಅಂದರು. ಮಾಸ್ತರು ಹಾಕಿದರು. ಎಂಟು ಕಂತು ಸರಿಯಾಗಿ ಹೋಯಿತು, ಆಮೇಲೆ ನಿಂತಿತು. ಮಾಸ್ತರಿಗೆ ಎರಡು ನೋಟಿಸು ಬಂತು. ಎರಡನ್ನೂ ಶಾಲೆಯ ಕಪಾಟಿನಲ್ಲಿ ಹಾಜರಿ ಪುಸ್ತಕದ ಕೆಳಗೆ ಇಟ್ಟರು. ಹೆಂಡತಿಗೆ ಗೊತ್ತಾದದ್ದು ಮಗಳ ಶಿಕ್ಷಣ ಸಾಲ ಕೇಳಲು ಬೇರೆ ಬ್ಯಾಂಕಿಗೆ ಹೋದ ದಿನ. ಅಲ್ಲಿನ ಹುಡುಗ ಹಳೆಯ ಸಾಲಗಳ ಲೆಕ್ಕ ತೋರಿಸುವ ಸಿಬಿಲ್ ರಿಪೋರ್ಟ್ ನೋಡಿ, "ಸರ್, ನೀವು ಗ್ಯಾರಂಟಿ ಹಾಕಿರೋ ಸಾಲ ಓವರ್‌ಡ್ಯೂ ತೋರಿಸ್ತಿದೆ" ಅಂದನಂತೆ. ಮಗಳ ಎದುರಿಗೇ.

ಮೊದಲ ಎರಡು ಭೇಟಿಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಇದು ಸೈತಾನನ ಶೋಧನೆ, ಬೈಬಲಿನ ಯೋಬನ ಹಾಗೆ ನನ್ನನ್ನೂ ದೇವರು ಪರೀಕ್ಷಿಸುತ್ತಿದ್ದಾರೆ ಅಂತ ಮಾಸ್ತರು ಹೇಳುತ್ತಿದ್ದರು. ಯೋಬ ಯಾರಿಗೂ ಜಾಮೀನು ಹಾಕಿರಲಿಲ್ಲ ಅಂತ ಬಾಯಿತುದಿಗೆ ಬಂದಿತ್ತು, ನುಂಗಿಕೊಂಡೆ.

ಮೂರನೇ ಸಲ ಹೆಂಡತಿಯೂ ಬಂದರು. ಮಾಸ್ತರು ಚರ್ಚಿನಲ್ಲಿ ಬೈಬಲ್ ಪಾಠ ಓದುವವರು. ಸತ್ಯವೇದ ಕೈಗೆ ಕೊಟ್ಟು, ಜ್ಞಾನೋಕ್ತಿ 6ನೇ ಅಧ್ಯಾಯದ ಮೊದಲ ಐದು ವಚನ ಗಟ್ಟಿಯಾಗಿ ಓದಿ ಅಂದೆ. ಎದ್ದು ನಿಂತೇ ಓದಿದರು, ಭಾನುವಾರದ ದನಿಯಲ್ಲಿ. ನೆರೆಯವನಿಗೆ ಹೊಣೆಯಾಗಿ ಮಾತಿನಲ್ಲಿ ಸಿಕ್ಕಿಬಿದ್ದಿದ್ದರೆ ಹೋಗಿ ಕಾಡಿಬೇಡು, ಕಣ್ಣಿಗೆ ನಿದ್ದೆ ಕೊಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ತಪ್ಪಿಸಿಕೊ ಅನ್ನುವ ಭಾಗ ಅದು.

"ಇದು ಯಾವುದರ ಬಗ್ಗೆ ಅದ ಮಾಸ್ತರ?" ಅಂದೆ.

"ಹೊಣೆ... ಅಂದ್ರ ಜವಾಬ್ದಾರಿ ಬಗ್ಗೆರಿ ಅಕ್ಕಾರ."

"ಹೊಣೆ ಅಂದ್ರ ಜಾಮೀನುರಿ."

ಅವರ ಬೆರಳು ಸಾಲಿನ ಮೇಲೇ ನಿಂತಿತು. ಇನ್ನೊಮ್ಮೆ ಓದಿದರು, ಈ ಸಲ ತುಟಿಯಲ್ಲಿ. "ಬ್ಯಾಂಕಿನ ಜಾಮೀನಾರಿ?" ಅಂದರು. ಆಗ ಬ್ಯಾಂಕ್ ಇರಲಿಲ್ಲ, ಆದರೆ ವ್ಯವಹಾರ ಅದೇ ಅಂದೆ. ಅದೇ ಪುಸ್ತಕದ 11:15, 17:18 ತೆಗೆಸಿದೆ. 22:26-27ರಲ್ಲಿ, ತೀರಿಸಲು ನಿನ್ನ ಹತ್ತಿರ ಇಲ್ಲದಿದ್ದರೆ ಮಲಗಿದ ಹಾಸಿಗೆಯನ್ನೂ ಎಳೆದುಕೊಂಡು ಹೋಗುತ್ತಾರೆ ಅಂತಿದೆ. ಅದನ್ನು ಕೇಳಿ ಹೆಂಡತಿ, "ನಮ್ಮ ಹಾಸಿಗಿ ಯಾರ್ ಒಯ್ತಾರ, ಫ್ರಿಜ್ ಒಯ್ದಾರು" ಅಂದು ನಕ್ಕರು. ಆಮೇಲೆ ಅತ್ತರು.

ಇಪ್ಪತ್ತು ವರ್ಷ ಪಾಠ ಓದಿದವರಿಗೆ ಆ ಪದ ತಮ್ಮ ಸಹಿಗೆ ಸಂಬಂಧಪಟ್ಟದ್ದು ಅನ್ನಿಸಿರಲೇ ಇಲ್ಲ. ಇದು ಅವರೊಬ್ಬರ ತಪ್ಪಲ್ಲ. ಆದಾಯದ ಹತ್ತನೇ ಒಂದು ಪಾಲು ಕೊಡುವ ದಶಮಾಂಶದ ಮೇಲೆ ವರ್ಷಕ್ಕೆ ನಾಲ್ಕು ಪ್ರಸಂಗ ಕೇಳುತ್ತೇವೆ. ಜಾಮೀನಿನ ಮೇಲೆ ನಾನಂತೂ ಒಂದನ್ನೂ ಕೇಳಿಲ್ಲ.

ಆದರೆ ಮಾಸ್ತರು ಸುಮ್ನೆ ಒಪ್ಪುವವರಲ್ಲ. "ಕೇಳಿದವರಿಗೆ ಕೊಡು ಅಂತ ಮತ್ತಾಯದಾಗ ಐತಲ್ಲರಿ. ಪೌಲ ಒನೇಸಿಮನ ಸಲುವಾಗಿ ಫಿಲೆಮೋನಗ ಬರದಾನ, ಅವನ ಸಾಲ ನನ್ನ ಲೆಕ್ಕಕ್ಕ ಹಾಕು, ನಾನs ತೀರಿಸ್ತೀನಿ ಅಂತ. ಯೇಸುಸ್ವಾಮಿನೂ ನಮಗ ಹೊಣೆ ಆದರಲ್ಲ?"

ಒಳ್ಳೆಯ ಪ್ರಶ್ನೆ. ಸುಲಭದ ಉತ್ತರ ನನ್ನ ಹತ್ತಿರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ: "ಅವತ್ತು ಅವರು ಸಹಿ ಬ್ಯಾಡ, 4 ಲಕ್ಷ ಕೈಯಾಗ ಕೊಡ್ರಿ ಅಂದಿದ್ರ ಕೊಡ್ತಿದ್ರೇನು?"

"ಎಲ್ಲಿಂದ ತರ್ಲಿರಿ?"

"ಮತ್ತ ಕೊಟ್ಟದ್ದೇನು?"

ಅವರು ಉತ್ತರ ಕೊಡಲಿಲ್ಲ. ಹೆಂಡತಿ ಕೊಟ್ಟರು: "ಮಗಳ ಫೀಸು."

ಆ ಕೋಣೆಯಲ್ಲಿ ಅದಾದ ಮೇಲೆ ಮಾತು ಬೇರೆಯಾಯಿತು. ಪೌಲ ಬರೆದದ್ದು ತಾನೇ ತೀರಿಸುತ್ತೇನೆ ಅಂತ, ಗೊತ್ತಿದ್ದೂ ಬರೆದ. ಆದಿಕಾಂಡದ ಯೆಹೂದ ತನ್ನ ತಮ್ಮ ಬೆನ್ಯಾಮೀನನಿಗೆ ಹೊಣೆಯಾದಾಗ, ಕೊನೆಗೆ ಅವನ ಬದಲು ತಾನೇ ಗುಲಾಮನಾಗಿ ಉಳಿಯುತ್ತೇನೆ ಅಂತ ಮುಂದೆ ಬಂದ. ಇಬ್ಬರೂ ಒತ್ತೆ ಇಟ್ಟದ್ದು ತಮ್ಮನ್ನು. ಮಾಸ್ತರು ಸಹಿ ಹಾಕುವಾಗ ತೀರಿಸುವ ಯೋಚನೆಯೇ ಮಾಡಿರಲಿಲ್ಲ, "ಹಾಗೇನೂ ಆಗೋದಿಲ್ಲ" ಅಂದುಕೊಂಡಿದ್ದರು. 2 ಕೊರಿಂಥ 8ರಲ್ಲಿ ಕೊಡುವುದರ ಬಗ್ಗೆಯೇ ಪೌಲ ಹೇಳುತ್ತಾನೆ: ಇದ್ದದ್ದರಲ್ಲಿ ಕೊಟ್ಟರೆ ಮೆಚ್ಚುಗೆ, ಇಲ್ಲದ್ದರಲ್ಲಿ ಅಲ್ಲ. ಬೇರೆಯವರಿಗೆ ಹಗುರಾಗಿ ನಿಮಗೆ ಭಾರವಾಗಲಿ ಅನ್ನುವುದು ತನ್ನ ಉದ್ದೇಶವಲ್ಲ ಅಂತಲೂ ಹೇಳುತ್ತಾನೆ.

"ನೋಟಿಸು ಬಂದ ಮ್ಯಾಲೆ ಅವರ ಮನಿಗೆ ಎಷ್ಟು ಸಲ ಹೋಗಿದ್ರಿ?" ಅಂತ ಕೇಳಿದೆ. ಒಮ್ಮೆಯೂ ಇಲ್ಲ. ಸಾಲ ಮಾಡಿದವರು ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದರು. ಮಾಸ್ತರು ಹಿಂದಕ್ಕೆ ಸರಿದಿದ್ದರು. ಕೊನೆಯ ಆಶೀರ್ವಾದಕ್ಕೆ ಮುಂಚೆ ಚಪ್ಪಲಿ ಹುಡುಕುತ್ತಿದ್ದರು. ಐದು ತಿಂಗಳಿಂದ, ಸಭೆಯಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೂ ಎದ್ದಿರಲಿಲ್ಲ. ನಾಚಿಕೆ ಯಾರಿಗೆ ಆಗಬೇಕಿತ್ತೋ ಅವರಿಗೆ ಆಗಿರಲಿಲ್ಲ, ಇವರಿಗೆ ಆಗಿತ್ತು.

ನಾನು ಕೊಟ್ಟ ಸಲಹೆ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಮೊದಲು, ಈ ವಾರವೇ ಅವರ ಮನೆಗೆ ಹೋಗಿ ಅಂದೆ. ಸಮಾಧಾನ ಹೇಳಲು ಅಲ್ಲ, ದುಡ್ಡು ಕೇಳಲು. ಮತ್ತಾಯ 18ರ ಕ್ರಮ ಇದೆ ಅಲ್ವಾ: ಮೊದಲು ಒಬ್ಬರೇ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆಗೆ. ಸಭೆಯನ್ನು ಬಿಟ್ಟು ಸೀದಾ ವಕೀಲರ ನೋಟಿಸು ಬೇಡ, ಸಹೋದರರು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದನ್ನು ಖಂಡಿಸುವ 1 ಕೊರಿಂಥ 6 ನನಗೂ ಗೊತ್ತು. ಆದರೆ ಆ ಬಾಗಿಲಿಗೆ ಬೀಗ ಹಾಕಬೇಡಿ, ಕಟ್ಟಿದ ಪ್ರತಿ ರೂಪಾಯಿಗೂ ನಿಮ್ಮ ಹೆಸರಿನ ರಸೀದಿ ಇಟ್ಟುಕೊಳ್ಳಿ ಅಂದೆ. ಜಾಮೀನುದಾರ ತೀರಿಸಿದರೆ ಸಾಲಗಾರನಿಂದ ವಸೂಲಿ ಮಾಡುವ ಹಕ್ಕನ್ನು 1872ರ ಕರಾರು ಕಾಯಿದೆ ಕೊಡುತ್ತದೆ. ಅದೇ ಕಾಯಿದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ, ಬ್ಯಾಂಕು ಸೀದಾ ಇವರ ಹತ್ತಿರವೇ ಬರಬಹುದು. ಆದರೆ ಬ್ಯಾಂಕು ಮೊದಲು ಸಾಲ ಮಾಡಿದವರನ್ನೇ ಹಿಡಿಯಲಿ ಅಂತ ಮಾಸ್ತರು ಕಾದು ಕೂತಿದ್ದರು. ನನ್ನ ಹತ್ತಿರ ಬಂದ ನಾಲ್ವರೂ ಹಾಗೇ ಅಂದುಕೊಂಡಿದ್ದರು.

ಎರಡನೆಯದು ಕಷ್ಟದ ಮಾತು. ಅವರು ಕೊಡದಿದ್ದರೂ ನೀವು ಕಟ್ಟಬೇಕು ಅಂದೆ. ಬ್ಯಾಂಕಿಗೆ ಹೋಗಿ ಕಂತು ಮಾಡಿಸಿಕೊಳ್ಳಿ, ಬಡ್ಡಿ ಕಡಿಮೆ ಮಾಡಲು ಕೇಳಿ, ಆದರೆ ಕಟ್ಟಿ. ನಷ್ಟವಾದರೂ ಮಾತು ಬದಲಿಸದವನೇ ದೇವರ ಗುಡಾರದಲ್ಲಿ ಇರುವವನು ಅಂತ ಕೀರ್ತನೆ 15 ಹೇಳುತ್ತದೆ. ಸಹಿ ಹಾಕುವ ಮುಂಚೆ ಜ್ಞಾನೋಕ್ತಿ, ಹಾಕಿದ ಮೇಲೆ ಈ ಕೀರ್ತನೆ. ಮೊದಲನೆಯದನ್ನು ಮಾತ್ರ ಹಿಡಿದುಕೊಂಡು ಬ್ಯಾಂಕಿಗೆ ಕೈ ಎತ್ತುವುದು ನನಗೆ ಒಪ್ಪಿಗೆಯಿಲ್ಲ.

ಮೂರನೆಯದು, ಮುಂದೆ ಯಾರಾದರೂ ಕೇಳಿದರೆ ಹೆಂಡತಿಯ ಜೊತೆ ಕೂತು ಮಾತಾಡದೆ ಪೆನ್ನು ಮುಟ್ಟಬೇಡಿ. ಕೈಯಲ್ಲಿದ್ದರೆ ಕೊಡಿ, ವಾಪಸ್ ಬರುತ್ತದೆ ಅಂತ ನೋಡಬೇಡಿ. ಇಲ್ಲದಿದ್ದರೆ ಇಲ್ಲ ಅನ್ನಿ.

ಇದನ್ನು ಒಂದು ಸಭೆಯಲ್ಲಿ ಹೇಳಿದಾಗ ಒಬ್ಬ ಸಭಾಪಾಲಕರು, "ನೀವು ಜನರಿಗೆ ಜಿಪುಣತನ ಕಲಿಸ್ತೀರಿ, ಬಡವರಿಗೆ ಸಾಲ ಹ್ಯಾಂಗ ಸಿಗಬೇಕು?" ಅಂತ ಕೇಳಿದರು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ವೆಲ್ಡಿಂಗ್ ಅಂಗಡಿಯವರು ಮೋಸಗಾರರಲ್ಲ, ವ್ಯಾಪಾರ ಬಿದ್ದುಹೋಗಿತ್ತು. ಆದರೆ ಹಾಗಿದ್ದರೆ ಸಭೆ ಒಟ್ಟಾಗಿ ಕೊಡಲಿ. ಇಪ್ಪತ್ತು ಮನೆ ಹೊರಬೇಕಾದ್ದನ್ನು ಇಲ್ಲ ಅನ್ನಲು ಬಾರದ ಒಬ್ಬರ ಹೆಗಲಿಗೆ ಹಾಕಿ ಅದನ್ನು ಪ್ರೀತಿ ಅಂತ ಕರೆಯುವುದು ಬೇಡ. ತನ್ನ ಮನೆಯವರನ್ನು ನೋಡಿಕೊಳ್ಳದವನ ಬಗ್ಗೆ 1 ತಿಮೊಥೆ 5:8 ಬಹಳ ಒರಟಾಗಿಯೇ ಮಾತಾಡುತ್ತದೆ, ಆ ವಚನ ಓದಿ ಅಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು.

ಮಾಸ್ತರು ಆ ಮನೆಗೆ ಹೋದರು. ಅಂಗಡಿಯವರು ಮೊದಲು ಸಿಟ್ಟಾದರು, ಎರಡನೇ ಸಲ ಹೋದಾಗ ಅತ್ತರಂತೆ. ಈಗ ತಿಂಗಳಿಗೆ 3,000 ಕೊಡುತ್ತಿದ್ದಾರೆ, ಕೆಲವು ತಿಂಗಳು ಇಲ್ಲ. ಉಳಿದದ್ದು ಮಾಸ್ತರ ಸಂಬಳದಿಂದ ಹೋಗುತ್ತದೆ. ಮಾಸ್ತರು ಮತ್ತೆ ಭೋಜನಕ್ಕೆ ಏಳುತ್ತಿದ್ದಾರೆ.

ಮಗಳು ಈ ವರ್ಷ ಕಾಲೇಜಿಗೆ ಸೇರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದಾಳೆ. ಕೊನೆಯ ಭೇಟಿಯಲ್ಲಿ ಅವಳ ತಾಯಿ ಬಾಗಿಲ ಹತ್ತಿರ ನಿಂತು ಕೇಳಿದರು: "ಅಕ್ಕಾರ, ಆ ಕೀರ್ತನಿ ಇವರಿಗೆ ಸರಿ. ಸಹಿ ಹಾಕಿದವರು ಇವರು. ನನ್ನ ಮಗಳು ಯಾವ ಸಹಿ ಹಾಕಿದ್ಲು?"

ನಾನು ಚಹಾದ ಲೋಟ ಎತ್ತಿಟ್ಟೆ. ಆ ಪ್ರಶ್ನೆ ಇನ್ನೂ ನನ್ನ ಟೇಬಲ್ ಮೇಲೇ ಇದೆ.