ಕಾಫಿಗೇನು ಜ್ವರ ಬಂದಿತ್ತೇ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಮನೆಯ ತೋಟದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವಾಗ ‘ಅವರ್ ಕಾಫಿ ವೆಂಟ್ ಟು ಹಾಸನ್ ಫಾರ್ ಕ್ಯೂರ್’ ಎಂದು ಬರೆದಳು. ಟೀಚರ್ ಅದರ ಕೆಳಗೆ ಕೆಂಪು ಗೆರೆ ಎಳೆದು, ‘ಕ್ಯೂರ್ ಅನ್ನೋದು ಕಾಯಿಲೆಗೆ ಮಾತ್ರ’ ಎಂದರಂತೆ. ಆದರೆ ಇಲ್ಲಿ ಎಲ್ಲರೂ ಕಾಫಿ ಕ್ಯೂರಿಂಗ್ ಅಂತಲೇ ಹೇಳೋದು. ಮೇಸ್ತ್ರಿಯೂ ‘ತಾರಸಿಗೆ ಸರಿಯಾಗಿ ಕ್ಯೂರಿಂಗ್ ಮಾಡಿ’ ಅನ್ನುತ್ತಾರೆ. ಅರಕಲಗೂಡಿನ ನೆಂಟರ ಬಾಯಲ್ಲಿ ಹೊಗೆಸೊಪ್ಪಿಗೂ ಅದೇ ಮಾತು. ಇಷ್ಟಕ್ಕೂ ಈ ಪದದ ಅರ್ಥ ಏನು?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಟೀಚರ್ ಎಳೆದ ಕೆಂಪು ಗೆರೆ ಸರಿ. ಕೊಟ್ಟ ಕಾರಣ ಸರಿಯಿಲ್ಲ.

ಕಾರಣದ ವಿಷಯ ಮೊದಲು. ಕ್ಯೂರ್ ಎಂಬುದು ಲ್ಯಾಟಿನ್ನಿನ ‘ಕೂರಾ’ದಿಂದ ಬಂದ ಪದ. ಕೂರಾ ಅಂದರೆ ಆರೈಕೆ, ನಿಗಾ. ಫ್ರೆಂಚ್ ಮೂಲಕ ಅದು 14ನೇ ಶತಮಾನದಲ್ಲಿ ಇಂಗ್ಲಿಷಿನ ಮನೆ ಸೇರಿತು. ಆಮೇಲೆ ಎರಡು ಕವಲಾಯಿತು. ರೋಗಿಯನ್ನು ನೋಡಿಕೊಂಡು ವಾಸಿ ಮಾಡುವುದು ಒಂದು. ಮೀನು, ಮಾಂಸ, ಎಲೆ, ಚರ್ಮ ಕೆಡದ ಹಾಗೆ ನೋಡಿಕೊಳ್ಳುವುದು ಇನ್ನೊಂದು. ಮ್ಯೂಸಿಯಂನ ಕ್ಯುರೇಟರ್, ಲೆಕ್ಕದ ಅಕ್ಯುರೇಟ್, ಬಾಗಿಲಿನ ಸೆಕ್ಯೂರ್ ಎಲ್ಲ ಇದೇ ಕೂರಾದ ಮಕ್ಕಳು. ತಮಾಷೆ ಏನಂದರೆ, ಆರೈಕೆ ಎಂದೇ ಅರ್ಥ ಇರುವ ‘ಕೇರ್’ ಮಾತ್ರ ಈ ಮನೆಯದಲ್ಲ. ಅದು ಹಳೇ ಇಂಗ್ಲಿಷಿನ ಸ್ವಂತ ಪದ. ನೋಡೋಕೆ ಅಣ್ಣತಮ್ಮಂದಿರ ಹಾಗಿವೆ, ಅಷ್ಟೇ.

ಎರಡನೇ ಕವಲಿಗೆ ಕನ್ನಡದಲ್ಲಿ ಒಳ್ಳೇ ಪದ ಇದೆ: ಹದ. ಚರ್ಮ ಹದ ಮಾಡುವುದು ಅಂತೀವಲ್ಲ, ಅದೇ. ಡಿಕ್ಷನರಿ ತೆಗೆದರೆ ಮೊದಲು ‘ಗುಣಪಡಿಸು’ ಕಾಣುತ್ತದೆ. ಹುಡುಗರೂ ಅಲ್ಲೇ ನಿಲ್ಲುತ್ತಾರೆ, ಕೆಲವು ಸಲ ಟೀಚರ್‌ಗಳೂ.

ಇನ್ನು ಹದ ಅಂದರೆ ಯಾವ ಹದ? ಅದು ವಸ್ತುವಿನ ಮೇಲೆ ಹೋಗುತ್ತದೆ. ನಿಮ್ಮ ನೆಂಟರ ಹೊಗೆಸೊಪ್ಪನ್ನೇ ನೋಡಿ. ಹಸಿರೆಲೆಯನ್ನು ಬ್ಯಾರನ್ನಿನಲ್ಲಿ, ಅಂದರೆ ಎಲೆ ಒಣಗಿಸುವ ಮನೆಯಲ್ಲಿ ತೂಗುಹಾಕಿ, ಕೊಳವೆಯಲ್ಲಿ ಬಿಸಿ ಹಾಯಿಸುತ್ತಾರೆ. ಹೊಗೆ ಎಲೆಗೆ ತಾಗುವುದಿಲ್ಲ, ಬಿಸಿ ಮಾತ್ರ ತಾಗುತ್ತದೆ. ಎಲೆ ಮೊದಲು ಹಳದಿಯಾಗಿ, ಆಮೇಲೆ ಒಣಗಿ, ಕೊನೆಗೆ ನಡುವಿನ ದಂಟೂ ಒಣಗಬೇಕು. ಅಂದರೆ ಇಲ್ಲಿ ಕ್ಯೂರಿಂಗ್ ಎಂದರೆ ನೀರು ತೆಗೆಯುವುದು. ಮೇಸ್ತ್ರಿಯದು ಪೂರ್ತಿ ಉಲ್ಟಾ. ಅವರ ಕ್ಯೂರಿಂಗ್ ನೀರು ಕೊಡುವುದು! ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ಸಿಮೆಂಟು ನೀರಿನ ಜೊತೆ ಬೆರೆತು ಬೇರೆಯೇ ವಸ್ತುವಾಗಿ ಗಟ್ಟಿಯಾಗುತ್ತದೆ. ನಡುವೆ ನೀರು ಆರಿಹೋದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಬಿರುಕು ಬಿಡುತ್ತದೆ. ಅದಕ್ಕೇ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು, ಗೋಣಿಚೀಲ ಹೊದಿಸುವುದು. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಗೆ ಕನಿಷ್ಠ 10 ದಿನ ಎನ್ನುತ್ತದೆ ನಮ್ಮ ದೇಶದ ಮಾನಕ. ನಾಲ್ಕು ದಿನಕ್ಕೇ ಪೈಪ್ ಸುತ್ತಿಡಬೇಡಿ.

ಕಾಫಿಯದು ಮೂರನೇ ದಾರಿ. ಹಣ್ಣು ಕೊಯ್ದು, ಸಿಪ್ಪೆ ಸುಲಿದು, ಅಂಟು ತೊಳೆದು, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ ಮಾಡುವುದು ತೋಟದಲ್ಲೇ ಮುಗಿಯುತ್ತದೆ. ಇಡೀ ಹಣ್ಣನ್ನೇ ಒಣಗಿಸಿದರೆ ಅದು ಚೆರಿ. ಇಷ್ಟಕ್ಕೆ ಯಾರೂ ಕ್ಯೂರಿಂಗ್ ಅನ್ನುವುದಿಲ್ಲ. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಇರುವ ಕ್ಯೂರಿಂಗ್ ವರ್ಕ್ಸ್‌ಗೆ ಲಾರಿ ಹೋದ ಮೇಲೆ ಹೊಟ್ಟು ಬಿಡಿಸಿ, ಪಾಲಿಶ್ ಮಾಡಿ, ಕಾಳನ್ನು ಗಾತ್ರದ ಮೇಲೆ ಎ, ಬಿ, ಸಿ ಅಂತ, ದುಂಡನೆಯ ಒಂಟಿ ಕಾಳನ್ನು ಪಿಬಿ (ಪೀಬೆರಿ) ಅಂತ ಬೇರೆ ಮಾಡುತ್ತಾರಲ್ಲ, ಅದು ಕ್ಯೂರಿಂಗ್. ಕಪ್ಪು ಕಾಳು, ಒಡಕು ಕಾಳು ಆರಿಸುವ ಕೆಲಸಕ್ಕೆ ಗಾರ್ಬ್ಲಿಂಗ್ ಎನ್ನುತ್ತಾರೆ. ಈ ಪದದ ಕಥೆ ಇನ್ನೂ ಚೆನ್ನ. ಇವತ್ತಿನ ಇಂಗ್ಲಿಷಿನಲ್ಲಿ ಗಾರ್ಬಲ್ ಎಂದರೆ ಮಾತನ್ನು ಕಲಸುಮೇಲೋಗರ ಮಾಡುವುದು. ಮೂಲದಲ್ಲಿ ಅದು ಅರಬ್ಬಿಯಿಂದ ಬಂದದ್ದು, ಮಸಾಲೆ ಪದಾರ್ಥವನ್ನು ಜರಡಿ ಹಿಡಿಯುವುದು ಅಂತ ಅರ್ಥ. ಆ ಹಳೇ ಅರ್ಥವನ್ನು ಉಳಿಸಿಕೊಂಡವರು ನಮ್ಮ ಕಾಫಿ ಆರಿಸುವ ಹೆಂಗಸರು.

ಕೊನೆಗೆ ಓಟಿ ಬರುತ್ತದೆ. 50 ಕೆ.ಜಿ. ಮೂಟೆಗೆ ಎಷ್ಟು ಶುದ್ಧ ಕಾಳು ಸಿಕ್ಕಿತು ಎಂಬ ಔಟ್‌ಟರ್ನ್ ಲೆಕ್ಕ ಅದು. ಪಾರ್ಚ್‌ಮೆಂಟಿನಲ್ಲಿ ಸುಮಾರು 40, ಚೆರಿಯಲ್ಲಿ 26ರ ಆಸುಪಾಸು. ಹೊರಗಿನವರಿಗೆ ಓಟಿ ಎಂದರೆ ಆಪರೇಷನ್ ಥಿಯೇಟರ್, ಇಲ್ಲಾ ಓವರ್‌ಟೈಮ್. ‘ಕ್ಯೂರಿಂಗ್‌ಗೆ ಕಳಿಸಿದ್ವಿ, ಓಟಿ ಸರಿ ಬರಲಿಲ್ಲ’ ಎಂದು ನೀವು ಬೆಂಗಳೂರಿನಲ್ಲಿ ನಿಂತು ಹೇಳಿದರೆ, ಪಕ್ಕದವರು ಯಾರಿಗೆ ಏನಾಯಿತು ಅಂತ ಕೇಳಿಯಾರು.

ಹಾಗಾದರೆ ಮಗಳ ತಪ್ಪೇನು? ಅರ್ಥದ್ದಲ್ಲ, ರೂಪದ್ದು. ಕ್ಯೂರ್ ಎಂಬುದನ್ನು ನಾಮಪದವಾಗಿ ಒಂಟಿಯಾಗಿ ಬಿಟ್ಟರೆ ಇಂಗ್ಲಿಷ್ ಕಿವಿಗೆ ಮೊದಲು ಕೇಳಿಸುವುದು ಮದ್ದು, ಗುಣವಾಗುವುದು. ‘ಫಾರ್ ಕ್ಯೂರ್’ ಎಂದಾಗ ಕಾಫಿಗೇ ಜ್ವರ ಬಂದ ಹಾಗಾಗುತ್ತದೆ. ಹದ ಮಾಡುವ ಕೆಲಸದ ಹೆಸರು ಕ್ಯೂರಿಂಗ್. ಕ್ರಿಯಾಪದವಾಗಿ ಮಾತ್ರ ಎರಡಕ್ಕೂ ಒಂದೇ ರೂಪ. ಡಾಕ್ಟರ್ ರೋಗಿಯನ್ನೂ ಕ್ಯೂರ್ ಮಾಡಬಹುದು, ರೈತ ಎಲೆಯನ್ನೂ ಕ್ಯೂರ್ ಮಾಡಬಹುದು. ಬೋರ್ಡಿನಲ್ಲಿರುವ ‘ವರ್ಕ್ಸ್’ ಬಗ್ಗೆಯೂ ಒಂದು ಮಾತು. ಅದು ‘ಕೆಲಸ ಮಾಡುತ್ತದೆ’ ಅಲ್ಲ, ಕಾರ್ಖಾನೆ.

ಕಾಯಿಲೆಯ ಕಡೆ ಇನ್ನೊಂದು ಎಡವಟ್ಟು ಜಾಸ್ತಿ ನೋಡಿದ್ದೇನೆ. ಟ್ರೀಟ್ ಎಂದರೆ ಚಿಕಿತ್ಸೆ ಕೊಡುವುದು, ಕ್ಯೂರ್ ಎಂದರೆ ಕಾಯಿಲೆ ಹೋಗುವುದು. ಶುಗರ್, ಬಿಪಿಯನ್ನು ಡಾಕ್ಟರ್ ಟ್ರೀಟ್ ಮಾಡುತ್ತಾರೆ, ಹತೋಟಿಗೆ ತರುತ್ತಾರೆ. ಕ್ಯೂರ್ ಮಾಡಿದೆ ಎಂದು ಸುಮ್ನೆ ಬರೆಯಬಾರದು. ಗಾಯ ಮಾಯುವುದಕ್ಕೆ ಹೀಲ್.

ಒಂದೇ ಪದಕ್ಕೆ ಇಷ್ಟೊಂದು ಅರ್ಥವೇ ಅಂತ ಮಗಳು ಬೇಸರ ಮಾಡಿಕೊಂಡರೆ ನಮ್ಮ ‘ಗುಣ’ವನ್ನು ತೋರಿಸಿ. ಹುಡುಗನ ಗುಣ ಒಳ್ಳೇದು, ಜ್ವರ ಗುಣವಾಯಿತು, ಎರಡನ್ನು ಮೂರರಿಂದ ಗುಣಿಸು. ಯಾರಾದರೂ ತಡವರಿಸುತ್ತಾರಾ? ‘ವಾಸಿ’ಯೂ ಅಷ್ಟೇ. ‘ನೆಗಡಿ ವಾಸಿಯಾಯಿತು’ ಅಂತೀವಿ, ‘ಹೋದ ವರ್ಷಕ್ಕಿಂತ ಈ ವರ್ಷದ ರೇಟೇ ವಾಸಿ’ ಅಂತಲೂ ಅಂತೀವಿ.

ವಾಕ್ಯವನ್ನು ‘ಅವರ್ ಕಾಫಿ ವೆಂಟ್ ಟು ಹಾಸನ್ ಫಾರ್ ಕ್ಯೂರಿಂಗ್’ ಎಂದು ತಿದ್ದಿಕೊಳ್ಳಲಿ. ಓಟಿ ಎಷ್ಟು ಬಂತು ಅಂತ ಮುಂದಿನ ವಾಕ್ಯದಲ್ಲಿ ಅವಳೇ ಬರೆಯಲಿ, ನನಗೂ ಒಂದು ಸಾಲು ತಿಳಿಸಿ.